ತಾಲೂಕು ಕಚೇರಿ ಪಕ್ಕದ ಟೈಪಿಂಗ್ ಅಂಗಡಿ: ವಿಳಾಸ ತಪ್ಪದ ಅರ್ಜಿ ಬೇಕಾದರೆ ಇಲ್ಲಿಗೆ ಹೋಗಿ

ಚಿಕ್ಕಮಗಳೂರಿನ ತಾಲೂಕು ಕಚೇರಿ ಹತ್ತಿರ ಒಂದು ಸಣ್ಣ ಅಡ್ಡರಸ್ತೆ ಇದೆ. ಎರಡೂ ಬದಿಗೆ ಜೆರಾಕ್ಸ್ ಅಂಗಡಿ, ಛಾಪಾ ಕಾಗದದವರು, ನೋಟರಿ, ಪತ್ರ ಬರಹಗಾರರು. ನಮ್ಮ ಕಡೆಯವರು ಅದನ್ನು ಸುಮ್ನೆ 'ಓಣಿ' ಅಂತಾರೆ. ಅಲ್ಲಿರುವ ಒಂದು ಟೈಪಿಂಗ್ ಅಂಗಡಿ ಬಗ್ಗೆ ಬರೆಯುತ್ತಿದ್ದೇನೆ. ಬೋರ್ಡಿನ ಬಣ್ಣ ಪೂರ್ತಿ ಹೋಗಿದೆ, 'ಕನ್ನಡ–ಇಂಗ್ಲಿಷ್' ಅನ್ನೋದಷ್ಟೇ ಓದಲು ಸಿಗುತ್ತದೆ. ಹೆಸರು ಹಾಕಬೇಡಿ, ಈಗಲೇ ಜನ ಜಾಸ್ತಿ ಆಗಿದಾರೆ ಎಂದು ಅಂಗಡಿಯವರು ಹೇಳಿದ್ದಾರೆ. ಹಾಗಾಗಿ ಗುರುತು ಹೇಳುತ್ತೇನೆ. ಮುಂದೆ ಹಸಿರು ತಗಡಿನ ಚಪ್ಪರ, ಒಳಗೆ ಗೋಡೆಗೆ ಹಾಕಿದ ಮೂರು ಮರದ ಸ್ಟೂಲು, ಕೀಬೋರ್ಡಿನ ಮುಂದೆ ಕನ್ನಡಕ ಹಣೆಗೆ ಏರಿಸಿಕೊಂಡ ಒಬ್ಬ ಹೆಂಗಸು. ಎಲ್ಲರೂ ಅವರನ್ನು 'ಟೈಪಿಂಗ್ ಅಕ್ಕ' ಎನ್ನುತ್ತಾರೆ. ನನಗಿಂತ ಚಿಕ್ಕವರು, ಆದರೂ ನಾನೂ ಹಾಗೇ ಕರೆಯುತ್ತೇನೆ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು. ಆಲ್ದೂರು ಕಡೆ ಸ್ವಲ್ಪ ಕಾಫಿ ತೋಟ, ಅದರೊಳಗೆ ಒಂದಿಷ್ಟು ಮೆಣಸು. ಊರಲ್ಲಿ ಯಾರಿಗೆ ಅರ್ಜಿ ಬೇಕಾದರೂ 'ಮೇಷ್ಟ್ರಿದಾರಲ್ಲ' ಎಂದು ಕಾಗದ ನನ್ನ ಕೈಗೆ ಬರುತ್ತದೆ. ಪಹಣಿಯಲ್ಲಿ ಹೆಸರು ತಪ್ಪು, ಜಮೀನು ಅಳೆದು ಬೇರೆ ಮಾಡುವ ಪೋಡಿ ಆಗಿಲ್ಲ, ಸರ್ಕಾರಿ ಜಮೀನಿನ ಸಾಗುವಳಿ ಸಕ್ರಮಕ್ಕೆ ಫಾರಂ 57 ಹಾಕಿ ವರ್ಷಗಳಾದರೂ ಸುದ್ದಿ ಇಲ್ಲ, ಇಂಥವೇ. ನನ್ನ ಅಕ್ಷರ ದುಂಡಾಗಿದೆ. ಆದರೆ ಕೈಬರಹದ ಅರ್ಜಿ ಕಂಡರೆ ಈಗಿನ ಗುಮಾಸ್ತರ ಮುಖ ಸಪ್ಪಗಾಗುತ್ತದೆ. ಅದಕ್ಕೇ ಓಣಿಗೆ ಹೋಗುವುದು.

ಮೊದಲು ದರ ಹೇಳಿಬಿಡುತ್ತೇನೆ. ಕನ್ನಡ ಟೈಪಿಂಗ್ ಪುಟಕ್ಕೆ 50 ರೂಪಾಯಿ, ಇಂಗ್ಲಿಷಿಗೆ 40. ಅರ್ಜಿ ಅವರೇ ಬರೆದುಕೊಡಬೇಕೆಂದರೆ 100. ಎರಡು ಅಂಗಡಿ ಆಚೆ ಇದಕ್ಕಿಂತ ಕಡಿಮೆಗೂ ಮಾಡಿಕೊಡುತ್ತಾರೆ. ಅಲ್ಲಿ ಹುಡುಗರು ಹಳೆ ಅರ್ಜಿ ತೆಗೆದು ಹೆಸರು ಬದಲಾಯಿಸಿ ಪ್ರಿಂಟ್ ಕೊಡುತ್ತಾರೆ. ನಮ್ಮೂರಿನ ಒಬ್ಬರ ಪೋಡಿ ಅರ್ಜಿಯಲ್ಲಿ ಬೇರೆ ಯಾರದೋ ಸರ್ವೆ ನಂಬರ್ ಉಳಿದುಕೊಂಡಿತ್ತು. ಅದು ಸರಿಯಾಗಲು ಎಷ್ಟು ಓಡಾಡಿದರು ಅನ್ನೋದು ಅವರಿಗೇ ಗೊತ್ತು.

ಅಕ್ಕ ಹಾಗಲ್ಲ. ಮೊದಲು ಕೂರಿಸಿ ಪೂರ್ತಿ ಕೇಳುತ್ತಾರೆ. ಆಮೇಲೆ ಕತ್ತರಿಸುತ್ತಾರೆ. ಈ ಕತ್ತರಿಸುವ ಕೆಲಸಕ್ಕೇ ದುಡ್ಡು ಕೊಡಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಮಾಹಿತಿ ಹಕ್ಕಿನ ಅರ್ಜಿ 150 ಪದ ಮೀರಬಾರದು, ವಿಷಯವೂ ಒಂದೇ ಇರಬೇಕು. ನಮ್ಮವರು ಅಜ್ಜ ಕಾಡು ಕಡಿದು ಗದ್ದೆ ಮಾಡಿದಲ್ಲಿಂದ ಶುರು ಮಾಡುತ್ತಾರೆ. ಅಕ್ಕ ಅಜ್ಜನನ್ನು ಬಿಟ್ಟು, ದಾಯಾದಿ ಜಗಳ ಬಿಟ್ಟು, ಕಡೆಗೆ ನಾಲ್ಕು ಪ್ರಶ್ನೆ ಉಳಿಸುತ್ತಾರೆ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಎಲ್ಲಿ ಪಿನ್ ಮಾಡಬೇಕು ಎಂದೂ ತೋರಿಸುತ್ತಾರೆ.

ಆದರೆ ನಾನು ಈ ಅಂಗಡಿಗೆ ಪೂರ್ತಿ ಅಂಕ ಕೊಡುವುದು ಇನ್ನೊಂದಕ್ಕೆ. ಅವರ ವಿಳಾಸದ ಪುಸ್ತಕಕ್ಕೆ. ಕೆಂಪು ಬೈಂಡಿನ ಉದ್ದನೆಯ ಲೆಕ್ಕದ ಪುಸ್ತಕ ಅದು. ಯಾವ ಅರ್ಜಿ ಯಾರಿಗೆ, ಯಾವ ಕಟ್ಟಡ, ಯಾವ ಪಿನ್ ಕೋಡ್, ಎಲ್ಲ ಅದರಲ್ಲಿದೆ. ಕಚೇರಿ ಜಾಗ ಬದಲಾದರೆ ಹಳೆಯದರ ಮೇಲೆ ಒಂದು ಗೆರೆ ಎಳೆದು ಪಕ್ಕದಲ್ಲಿ ಹೊಸದು ಬರೆಯುತ್ತಾರೆ. ಹಳೆಯದನ್ನು ಹರಿಯುವುದಿಲ್ಲ, ಅಳಿಸುವುದಿಲ್ಲ. ಕಾಫಿ ಬೆಳೆಗಾರರ ಮನವಿ ಕೇಂದ್ರ ವಾಣಿಜ್ಯ ಸಚಿವಾಲಯಕ್ಕೆ ಹೋಗುತ್ತದಲ್ಲ, ಅಲ್ಲಿ 'ಉದ್ಯೋಗ ಭವನ' ಎಂಬುದಕ್ಕೆ ಗೆರೆ ಬಿದ್ದು 'ವಾಣಿಜ್ಯ ಭವನ' ಆಗಿದೆ. ಆ ಕಟ್ಟಡ ಉದ್ಘಾಟನೆಯಾದದ್ದು 2022ರಲ್ಲಿ. ದೆಹಲಿ ಪುಟದಲ್ಲಿ 'ರೇಸ್ ಕೋರ್ಸ್ ರೋಡ್' ಮೇಲೂ ಒಂದು ಗೆರೆ. ಪಕ್ಕದಲ್ಲಿ ನೀಲಿ ಇಂಕಿನಲ್ಲಿ 'ಲೋಕ ಕಲ್ಯಾಣ ಮಾರ್ಗ', 2016.

ಒಂದು ದಿನ ಕರೆಂಟ್ ಹೋಗಿ ಯುಪಿಎಸ್ ಕೂಗುತ್ತಿತ್ತು. ಕಾಯುತ್ತ ಆ ಪುಸ್ತಕ ತಿರುವಿ ಹಾಕುತ್ತಿದ್ದೆ. ಅಕ್ಕ ಒಂದು ಪುಟದ ಮೇಲೆ ಬೆರಳಿಟ್ಟರು.

"ಮೇಷ್ಟ್ರೇ, ಇಲ್ಲಿ ನೋಡಿ. ಕಾಫಿ ಬೋರ್ಡು, ನಂಬರ್ 1, ಡಾ. ಅಂಬೇಡ್ಕರ್ ವೀದಿ. ವಿಧಾನಸೌಧ, ಅದೇ ವೀದಿ. ಬಹುಮಹಡಿ ಕಟ್ಟಡ, ಅದೇ ವೀದಿ. ಇಷ್ಟೆಲ್ಲ ಆ ರಸ್ತೇಲೇ ಇದ್ರೂ ರಸ್ತೆ ಹೆಸರು ಹಿಡಿದು ಯಾರೂ ಬೈಯಲ್ಲ. 'ವಿಧಾನಸೌಧದವರು ಹಿಂಗೆ ಮಾಡಿದ್ರು' ಅಂತಾನೇ ಬೈತಾರೆ. ಲಂಡನ್ನಲ್ಲಿ ಮಾತ್ರ ರಸ್ತೇನೇ ಸರ್ಕಾರ. ಡೌನಿಂಗ್ ಸ್ಟ್ರೀಟ್ ಹೇಳಿತು, ಡೌನಿಂಗ್ ಸ್ಟ್ರೀಟ್ ಒಪ್ಪಲಿಲ್ಲ. ಇದು ಹೆಂಗೆ?"

ಇಷ್ಟು ವರ್ಷ ಪಾಠ ಮಾಡಿದ್ದೇನೆ, ಒಬ್ಬ ಹುಡುಗನೂ ಈ ಪ್ರಶ್ನೆ ಕೇಳಿರಲಿಲ್ಲ.

ಅವರಿಗೆ ಲಂಡನ್ ನೆನಪಾಗಲು ಕಾರಣ ಇತ್ತು. ಮೂಡಿಗೆರೆ ಕಡೆಯ ಒಬ್ಬರ ತಂದೆ ಎರಡನೇ ಮಹಾಯುದ್ಧದಲ್ಲಿ ಬರ್ಮಾ ಗಡಿಯಲ್ಲಿದ್ದರಂತೆ. ಬರಬೇಕಿದ್ದ ಪದಕ ಬರಲಿಲ್ಲ ಎಂಬ ಕೊರಗು ಮಗನಿಗೆ. ಅವರು ಬಂದು ಬ್ರಿಟಿಷ್ ಪ್ರಧಾನಿಗೇ ಒಂದು ಪತ್ರ ಟೈಪ್ ಮಾಡಿಸಿದ್ದರು. ಪುಸ್ತಕದಲ್ಲಿ ಆ ವಿಳಾಸವೂ ಇದೆ: 10, ಡೌನಿಂಗ್ ಸ್ಟ್ರೀಟ್, ಲಂಡನ್, ಎಸ್‌ಡಬ್ಲ್ಯು1ಎ 2ಎಎ. ತಾಲೂಕು ಕಚೇರಿ ಓಣಿಯ ಪುಸ್ತಕದಲ್ಲಿ ಲಂಡನ್ನಿನ ಪಿನ್ ಕೋಡ್! ಅಂಚೆ ಖರ್ಚು ಎಷ್ಟಾಯಿತೆಂಬುದು ಅಕ್ಕನಿಗೆ ಇನ್ನೂ ನೆನಪಿದೆ. ಉತ್ತರದ ಸುದ್ದಿ ಇಲ್ಲ.

ಕರೆಂಟ್ ಬರುವವರೆಗೆ ನಾನು ಗೊತ್ತಿದ್ದಷ್ಟು ಹೇಳಿದೆ. ಜಾರ್ಜ್ ಡೌನಿಂಗ್ ಅನ್ನುವವನು ಅಂಥ ದೊಡ್ಡ ಮನುಷ್ಯನೇನಲ್ಲ. ಇಂಗ್ಲೆಂಡಿನಲ್ಲಿ ರಾಜನಿಲ್ಲದೆ ಕ್ರಾಮ್‌ವೆಲ್ ಆಡಳಿತ ಇದ್ದಾಗ ಅವನ ಕಡೆ ಇದ್ದ. ರಾಜ ವಾಪಸ್ ಬಂದ ಮೇಲೆ ರಾಜನ ಕಡೆ ಹೋದ, ಹಳೆ ಜೊತೆಗಾರರನ್ನೇ ಹಿಡಿದುಕೊಟ್ಟ. ನಮ್ಮಲ್ಲೂ ಇಂಥವರಿಗೆ ಬರವಿಲ್ಲ ಬಿಡಿ. 1680ರ ದಶಕದಲ್ಲಿ ಅವನು ಬಾಡಿಗೆ ಲಾಭಕ್ಕೆಂದು ಅಲ್ಲಿ ಸಾಲು ಮನೆ ಕಟ್ಟಿಸಿದ. ಮೆತ್ತನೆ ನೆಲ, ಆಳವಿಲ್ಲದ ಪಾಯ. ಮುಂದಿನ ಗೋಡೆಯ ಇಟ್ಟಿಗೆ ಸಾಲು ನೀಟಾಗಿ ಕಾಣಲೆಂದು ಗಾರೆಯ ಗೆರೆಗಳನ್ನು ಸುಮ್ನೆ ಮೇಲಿಂದ ಎಳೆಸಿದ್ದ. ಎರಡನೇ ಜಾರ್ಜ್ ರಾಜ ಅದರಲ್ಲಿ ಒಂದು ಮನೆಯನ್ನು, ಬ್ರಿಟನ್ನಿನ ಮೊದಲ ಪ್ರಧಾನಿ ಎನಿಸಿಕೊಂಡ ರಾಬರ್ಟ್ ವಾಲ್ಪೋಲ್‌ಗೆ ಕೊಡಲು ಬಂದ. ವಾಲ್ಪೋಲ್, ನನಗೆ ಸ್ವಂತಕ್ಕೆ ಬೇಡ, ಖಜಾನೆಯ ಮೊದಲ ಲಾರ್ಡ್ ಆಗಿ ಯಾರು ಬರುತ್ತಾರೋ ಅವರಿಗೆಲ್ಲ ಇರಲಿ ಎಂದ. 1735ರಲ್ಲಿ ಒಳಗೆ ಹೋದ. ಇವತ್ತಿಗೂ ಆ ಕಪ್ಪು ಬಾಗಿಲಿನ ಕಾಗದದ ಕಿಂಡಿಯ ಮೇಲೆ ಬರೆದಿರುವುದು 'ಖಜಾನೆಯ ಮೊದಲ ಲಾರ್ಡ್' ಎಂದೇ. ಆ ಹುದ್ದೆಯೂ ಪ್ರಧಾನಿಯದೇ, ಆದರೆ ಬಾಗಿಲ ಮೇಲೆ ಪ್ರಧಾನಿ ಅನ್ನುವ ಮಾತಿಲ್ಲ.

"ಅಂದ್ರೆ ಕ್ವಾರ್ಟರ್ಸು," ಎಂದರು ಅಕ್ಕ.

ಹೌದು, ಕ್ವಾರ್ಟರ್ಸೇ. ವರ್ಗ ಆದ ಕೂಡಲೇ ಖಾಲಿ ಮಾಡಬೇಕು. ಚುನಾವಣೆ ಸೋತವರ ಸಾಮಾನು ಮರುದಿನವೇ ಹೊರಗೆ ಬರುವುದನ್ನು ಟಿವಿಯಲ್ಲಿ ನೋಡುತ್ತೇವಲ್ಲ. ಒಳಗಿನವರು ಬದಲಾಗುತ್ತಲೇ ಇದ್ದಾರೆ, ಮನೆ ಅಲ್ಲೇ ಇದೆ. ಯಾರ ಹೆಸರು ಹೇಳಿದರೂ ನಾಲ್ಕು ವರ್ಷಕ್ಕೆ ಹಳತಾಗುತ್ತದೆ. ಪತ್ರಿಕೆಯವರಿಗೆ ಹಳತಾಗದ ಹೆಸರು ಬೇಕು. ಇನ್ನೊಂದು ಅನುಕೂಲವೂ ಇದೆ. 'ಪ್ರಧಾನಿ ಹೇಳಿದರು' ಎಂದು ಬರೆದರೆ ನಾಳೆ ಪ್ರಧಾನಿಯೇ ಅಲ್ಲಗಳೆಯಬಹುದು. ರಸ್ತೆ ಅಲ್ಲಗಳೆಯುವುದಿಲ್ಲ. ಹೆಸರು ಹೇಳಲು ಇಷ್ಟವಿಲ್ಲದ ಅಧಿಕಾರಿಗೂ ಸರಿ, ಬರೆಯುವ ವರದಿಗಾರನಿಗೂ ಸರಿ.

ಆದರೆ ಇಷ್ಟೇ ಆದರೆ ನಮ್ಮ ಅಂಬೇಡ್ಕರ್ ವೀದಿಗೂ ಈ ಯೋಗ ಬರಬೇಕಿತ್ತು. ಬರಲಿಲ್ಲ. ನನಗೆ ಕಾಣುವ ಕಾರಣ ಇದು: ಹತ್ತನೇ ನಂಬರ್ ಮನೆಗೆ ಬೇರೆ ಹೆಸರೇ ಇಲ್ಲ, ಇರುವುದು ನಂಬರ್ ಮಾತ್ರ. ಹೊರಗಿಂದ ನೋಡಿದರೆ ಯಾರದೋ ಮನೆ. ಹೆಸರಿಲ್ಲದ ಮನೆಗೆ ರಸ್ತೆಯ ಹೆಸರು ಅಂಟಿಕೊಳ್ಳುತ್ತದೆ. ರಸ್ತೆಯೂ ಪುಟ್ಟದು, ಪಕ್ಕದ ಹನ್ನೊಂದರಲ್ಲಿ ಹಣಕಾಸು ಮಂತ್ರಿ, ಅಲ್ಲಿ ಬೇರೆ ವ್ಯವಹಾರ ಇಲ್ಲ. 1989ರಿಂದ ರಸ್ತೆಗೇ ಗೇಟ್ ಹಾಕಿದ್ದಾರೆ. ನಮ್ಮ ವಿಧಾನಸೌಧದ ಕಥೆ ಉಲ್ಟಾ. 1951ರಲ್ಲಿ ನೆಹರೂ ಅಡಿಗಲ್ಲು ಹಾಕಿದರು. ಕೆಂಗಲ್ ಹನುಮಂತಯ್ಯನವರು ಬೆನ್ನು ಹತ್ತಿ ಕಟ್ಟಿಸಿದರು, 1956ಕ್ಕೆ ಮುಗಿಯಿತು. ಕಟ್ಟುವಾಗಲೇ ಹೆಸರಿಟ್ಟು ಕಟ್ಟಿದ್ದು, ಅದೂ ಎಂಥ ಕಟ್ಟಡ! ಅದರ ಮುಂದೆ ಯಾವ ರಸ್ತೆಯ ಹೆಸರು ನಿಂತೀತು? ಎದುರಿಗೇ ಕೆಂಪು ಬಣ್ಣದ ಅಠಾರಾ ಕಚೇರಿ. ವಿಧಾನಸೌಧ ಏಳುವ ಮುಂಚೆ ಮೈಸೂರು ಸರ್ಕಾರದ ಹದಿನೆಂಟು ಇಲಾಖೆ ಇದ್ದದ್ದು ಅಲ್ಲಿ. ಈಗ ಅದು ಹೈಕೋರ್ಟ್. ಒಂದೇ ರಸ್ತೆಯಲ್ಲಿ ಸರ್ಕಾರ ಒಂದು ಕಡೆ, ಸರ್ಕಾರದ ಕಿವಿ ಹಿಂಡುವ ಕೋರ್ಟ್ ಇನ್ನೊಂದು ಕಡೆ, ತುದಿಯಲ್ಲಿ ನಮ್ಮ ಕಾಫಿ ಬೋರ್ಡು. 'ಅಂಬೇಡ್ಕರ್ ವೀದಿ ತೀರ್ಮಾನಿಸಿತು' ಎಂದು ಬರೆದರೆ ಯಾರು ಅಂತ ತಿಳಿಯುತ್ತದೆ?

ಅಕ್ಕ ಸುಮ್ನೆ ಒಪ್ಪುವವರಲ್ಲ. "ಮತ್ತೆ ಪದ್ಮನಾಭನಗರ?" ಎಂದರು. ಅವರ ತವರು ಹಾಸನ. ಅಲ್ಲಿ 'ಪದ್ಮನಾಭನಗರ ಏನಂತೆ?' ಎಂದು ಕೇಳಿದರೆ ದೇವೇಗೌಡರ ಮನೆ ಏನು ಹೇಳಿತು ಎಂದೇ ಅರ್ಥ. ಬೆಂಗಳೂರಿನ ಆ ಬಡಾವಣೆಯಲ್ಲಿ ಸಾವಿರಾರು ಮನೆಗಳಿವೆ. ಹಾಸನದವರ ಬಾಯಲ್ಲಿ ಒಂದೇ ಮನೆ. ಇದು ನನ್ನ ಮಾತಿಗೆ ಸರಿಹೋಯಿತು, ಹೆಸರಿಲ್ಲದ ಮನೆ ಎಂದೆ. "ಹಂಗಾದ್ರೆ ಡಾಲರ್ಸ್ ಕಾಲೋನಿ? ಯಡಿಯೂರಪ್ಪನವರ ಮನೆಗೆ ಧವಳಗಿರಿ ಅಂತ ಹೆಸರಿದೆ. ಆದ್ರೂ ಪೇಪರಲ್ಲಿ ಡಾಲರ್ಸ್ ಕಾಲೋನಿ ಅಂತಾನೂ ಬರುತ್ತೆ." ಇದಕ್ಕೆ ನನ್ನಲ್ಲಿ ಒಳ್ಳೆ ಉತ್ತರ ಇರಲಿಲ್ಲ. ಧವಳಗಿರಿ ಅಂತಾನೂ ಬರುತ್ತೆ, ಲೆಕ್ಕ ಸಮ ಆಯಿತು ಎಂದು ಹೇಳಿ ದೆಹಲಿ ಕಡೆ ತಿರುಗಿದೆ.

ದೆಹಲಿ ಬಗ್ಗೆ ಮಾತಾಡಲು ಚಿಕ್ಕಮಗಳೂರಿಗಿಂತ ಒಳ್ಳೆ ಜಾಗ ಇಲ್ಲ ಅನ್ನೋದು ನನ್ನ ಹೆಮ್ಮೆ. 1978ರ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿ ಲೋಕಸಭೆಗೆ ಮರಳಿ ಹೋದದ್ದು ನಮ್ಮ ಕ್ಷೇತ್ರದಿಂದ. ನಮ್ಮ ಐ.ಜಿ. ರೋಡ್ ಅಂದರೆ ಇಂದಿರಾ ಗಾಂಧಿ ರೋಡ್. ಆಕೆ ಪ್ರಧಾನಿಯಾಗಿದ್ದಾಗ ಇದ್ದ ಮನೆ 1, ಸಫ್ದರ್‌ಜಂಗ್ ರಸ್ತೆ. 1977ರಲ್ಲಿ ಸೋತ ಮೇಲೆ ಅದನ್ನು ಬಿಟ್ಟು 12, ವಿಲಿಂಗ್ಡನ್ ಕ್ರೆಸೆಂಟ್‌ಗೆ ಹೋದರು. ನಮ್ಮ ಜಿಲ್ಲೆಯ ಓಟು ಎಣಿಸುವಾಗ ಅವರ ವಿಳಾಸ ಅದು. ಅವರಿಗಿಂತ ಮುಂಚೆ ನೆಹರೂ ತೀನ್ ಮೂರ್ತಿ ಭವನದಲ್ಲಿದ್ದರು, ಶಾಸ್ತ್ರಿ 10, ಜನಪಥದಲ್ಲಿ. ಪ್ರತಿಯೊಬ್ಬರಿಗೂ ಒಂದೊಂದು ಮನೆ. ಹೀಗೆ ಊರು ತಿರುಗುವ ಸರ್ಕಾರಕ್ಕೆ ಯಾವ ರಸ್ತೆ ಹೆಸರು ಅಂಟುತ್ತೆ ಹೇಳಿ? 1984ರಲ್ಲಿ ರಾಜೀವ್ ಗಾಂಧಿ 7, ರೇಸ್ ಕೋರ್ಸ್ ರೋಡಿಗೆ ಹೋದ ಮೇಲೆ, ಪಕ್ಷ ಬದಲಾದರೂ ಪ್ರಧಾನಿಗಳ ಮನೆ ಅದೇ ಆಗುತ್ತ ಬಂತು. ಆಮೇಲಷ್ಟೇ ಪತ್ರಿಕೆಗಳಲ್ಲಿ 'ರೇಸ್ ಕೋರ್ಸ್ ರೋಡ್' ಎಂದರೆ ಪ್ರಧಾನಿ ಎಂದಾಯಿತು. ಶಾಸ್ತ್ರಿಯವರು ಇದ್ದ 10, ಜನಪಥ ಮುಂದೆ ಸೋನಿಯಾ ಗಾಂಧಿಯವರ ಮನೆಯಾಯಿತು. ಅವರು ಅಲ್ಲಿ ಎಷ್ಟು ಕಾಲ ಇದ್ದಾರೆಂದರೆ, ಆ ವಿಳಾಸ ಹೇಳಿದರೆ ಈಗ ಯಾರಿಗೂ ಶಾಸ್ತ್ರಿ ನೆನಪಾಗುವುದಿಲ್ಲ, ಕಾಂಗ್ರೆಸ್ ನೆನಪಾಗುತ್ತದೆ. ಒಂದು ರಸ್ತೆಗೆ ಈ ಪಟ್ಟ ಸಿಗಬೇಕಾದರೆ ಅಲ್ಲಿ ಬಹಳ ದಿನ ಕೂತಿರಬೇಕು. ಒಬ್ಬರೇ ಕೂರಲಿ, ಒಬ್ಬರಾದ ಮೇಲೊಬ್ಬರು ಕೂರಲಿ.

ಒಮ್ಮೆ ಪಟ್ಟ ಸಿಕ್ಕಿತೆಂದರೆ ಹೋಗುವುದೂ ಕಷ್ಟ. ಲಂಡನ್ನಿನ ವೈಟ್‌ಹಾಲ್ ಮೊದಲು ಅರಮನೆ. 1698ರಲ್ಲಿ ಬೆಂಕಿ ಬಿದ್ದು ಬಹುಪಾಲು ಸುಟ್ಟುಹೋಯಿತು. ಹೆಸರು ರಸ್ತೆಗೆ ಉಳಿಯಿತು, ಇಲಾಖೆಗಳು ಆ ರಸ್ತೆಗೆ ಬಂದವು, ಈಗ ವೈಟ್‌ಹಾಲ್ ಎಂದರೆ ಅಲ್ಲಿನ ಅಧಿಕಾರಿ ವರ್ಗ. ಲಂಡನ್ ಪೊಲೀಸರದ್ದು ಇನ್ನೂ ತಮಾಷೆ. 1829ರಲ್ಲಿ ಅವರ ಮೊದಲ ಕಚೇರಿಯ ಹಿಂಬಾಗಿಲು ಗ್ರೇಟ್ ಸ್ಕಾಟ್‌ಲೆಂಡ್ ಯಾರ್ಡ್ ಎಂಬ ಬೀದಿಗಿತ್ತು. ಜನ ಓಡಾಡಿದ್ದು ಆ ಬಾಗಿಲಲ್ಲಿ, ಹಾಗಾಗಿ ಪೊಲೀಸರಿಗೆ ಆ ಹೆಸರೇ ಬಿತ್ತು. ಆಮೇಲೆ 1890, 1967, 2016 ಹೀಗೆ ಮನೆ ಬದಲಾಯಿಸುತ್ತಲೇ ಹೋದರು. ಹೋದಲ್ಲೆಲ್ಲ ಹಳೆ ಬೀದಿಯ ಹೆಸರನ್ನೂ ಹೊತ್ತುಕೊಂಡು ಹೋಗಿ ಹೊಸ ಕಟ್ಟಡದ ಮುಂದೆ ಬೋರ್ಡ್ ನೆಟ್ಟರು.

ಹಿಂಬಾಗಿಲ ಮಾತು ಕೇಳಿ ಅಕ್ಕನಿಗೆ ನಗು ಬಂತು. "ಇಲ್ಲೂ ಅದೇ ಅಲ್ವಾ ಮೇಷ್ಟ್ರೇ," ಎಂದರು. ನಮ್ಮೂರಿಗೆ ಹೋಗಿ ಕೇಳಿ. 'ಓಣಿಯಲ್ಲಿ ಆಗಲ್ಲ ಅಂದ್ರಂತೆ' ಎನ್ನುತ್ತಾರೆ. ಆಗಲ್ಲ ಅಂದದ್ದು ತಾಲೂಕು ಕಚೇರಿ. ಆದರೆ ನಮ್ಮವರು ಕಚೇರಿ ಒಳಗೆ ನಿಲ್ಲುವುದು ಐದು ನಿಮಿಷ, ಓಣಿಯಲ್ಲಿ ಅರ್ಧ ದಿನ. ತಹಶೀಲ್ದಾರರ ಮುಖ ಅವರಿಗೆ ನೆನಪಿರುವುದಿಲ್ಲ, ಓಣಿಯ ಬಿಸಿಲು ನೆನಪಿರುತ್ತದೆ. ಧರಣಿಗೆ ಹೋದವರು ಸರ್ಕಾರದ ವಿರುದ್ಧ ಕೂತಿದ್ದೆವು ಅನ್ನುವುದಿಲ್ಲ, ಆಜಾದ್ ಪಾರ್ಕಲ್ಲಿ ಕೂತಿದ್ದೆವು ಅನ್ನುತ್ತಾರೆ. ನನ್ನ ಲೆಕ್ಕದಲ್ಲಿ ರಸ್ತೆಗೆ ಸರ್ಕಾರದ ಹೆಸರು ಕೊಡುವವರು ಒಳಗೆ ಕೂತವರಲ್ಲ. ಹೊರಗೆ ಕಾಯುವವರು. ಡೌನಿಂಗ್ ಸ್ಟ್ರೀಟ್‌ನಲ್ಲಿ ಕ್ಯಾಮೆರಾ ಇಟ್ಟುಕೊಂಡು ಕಾಯುತ್ತಾರೆ, ಇಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಆಧಾರ್ ಕಾರ್ಡ್ ಇಟ್ಟುಕೊಂಡು. ಆ ಕಪ್ಪು ಬಾಗಿಲಿಗೆ ಹೊರಗಿಂದ ಕೀಲಿ ಹಾಕುವ ತೂತೂ ಇಲ್ಲ, ಒಳಗಿನವರೇ ತೆಗೆಯಬೇಕು. ನಮ್ಮ ಕೌಂಟರಿನ ಕಿಟಕಿಯೂ ಹಾಗೇ ಬಿಡಿ.

ಕರೆಂಟ್ ಬಂತು, ಅರ್ಜಿಯೂ ಆಯಿತು.

ಇನ್ನು ಕೊರತೆಗಳು. ದೊಡ್ಡದು ಫಾಂಟಿನದು. ಅಕ್ಕ ಟೈಪ್ ಮಾಡುವುದು 'ನುಡಿ' ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ. ಪ್ರಿಂಟ್ ಮುತ್ತಿನಂತೆ ಬರುತ್ತದೆ. ಆದರೆ ಅದೇ ಫೈಲನ್ನು ಇಮೇಲ್ ಮಾಡಿಸಿ ಮೊಬೈಲಲ್ಲಿ ತೆಗೆದರೆ ಕನ್ನಡ ಹೋಗಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಆನ್‌ಲೈನಿನಲ್ಲಿ ದೂರು ಹಾಕುವವರು, ಮೊಬೈಲಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡಿನಲ್ಲೇ ಬೇಕು ಎಂದು ಮೊದಲೇ ಹೇಳಿ. ಮಾಡಿಕೊಡುತ್ತಾರೆ, ಸ್ವಲ್ಪ ಗೊಣಗುತ್ತಾರೆ. ಇಲ್ಲದಿದ್ದರೆ ಪಿಡಿಎಫ್ ಮಾಡಿಸಿಕೊಳ್ಳಿ.

ಮಳೆಗಾಲದಲ್ಲಿ ಆ ತಗಡಿನ ಚಪ್ಪರದ ಕೆಳಗೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವುದಿಲ್ಲ. ಸರ್ವೆ ನಂಬರನ್ನು ಬಾಯಲ್ಲಿ ಹೇಳಬೇಡಿ, ಚೀಟಿಯಲ್ಲಿ ಬರೆದು ಕೊಡಿ. ಸ್ಟೂಲು ಮೂರೇ ಇರುವುದರಿಂದ ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಬೆಳಿಗ್ಗೆಯೇ ಹೋಗಬೇಕು. ಜೆರಾಕ್ಸ್ ಮಿಷನ್ ಇವರಲ್ಲಿಲ್ಲ, ಎದುರಿನ ಅಂಗಡಿಗೇ ಹೋಗಬೇಕು. ಅಲ್ಲಿನ ಹುಡುಗ ಚಿಲ್ಲರೆ ವಾಪಸ್ ಕೊಡುವ ಬದಲು ಚಾಕಲೇಟ್ ಕೊಡುತ್ತಾನೆ, ನನ್ನಂಥ ಸಕ್ಕರೆ ಕಾಯಿಲೆಯವನಿಗೆ ಅದು ಏನು ಪ್ರಯೋಜನ?

ಅಕ್ಕ ಕಚೇರಿ ಒಳಗಿನ ಕೆಲಸ ಮಾಡಿಸಿಕೊಡುವುದಿಲ್ಲ. 'ಒಳಗೆ ಯಾರನ್ನಾದರೂ ಹೇಳಿ ಮಾಡಿಸಿ' ಎಂದು ದುಡ್ಡು ತೋರಿಸಿದರೆ ಮುಖ ತಿರುಗಿಸಿಬಿಡುತ್ತಾರೆ. ಕೆಲವರಿಗೆ ಇದು ಕೊರತೆ ಅನಿಸಬಹುದು. ಅಂಥವರಿಗೆ ಓಣಿಯಲ್ಲಿ ಬೇರೆ ಜನ ಇದ್ದಾರೆ.

ಐದರಲ್ಲಿ ನಾಲ್ಕು ನಕ್ಷತ್ರ. ಒಂದನ್ನು ಫಾಂಟಿಗೆ ಹಿಡಿದುಕೊಂಡಿದ್ದೇನೆ.

ಹೋಗುವಾಗ ಹೊಸ ಪಹಣಿ, ಆಧಾರ್ ಪ್ರತಿ, ಹಿಂದೆ ಕೊಟ್ಟ ಅರ್ಜಿಯ ಸ್ವೀಕೃತಿ ಚೀಟಿ, ಇಷ್ಟು ಇಟ್ಟುಕೊಂಡಿರಿ. ಸ್ವೀಕೃತಿ ಇಲ್ಲದೆ ಜ್ಞಾಪನಾ ಪತ್ರ ಬರೆಸಲು ಹೋದರೆ ಅಕ್ಕ ವಾಪಸ್ ಕಳಿಸುತ್ತಾರೆ. ಫೋನ್ ಪೇ ಇದೆ. ಎರಡನೇ ಮತ್ತು ನಾಲ್ಕನೇ ಶನಿವಾರ ಕಚೇರಿಗೆ ರಜೆ, ಅಂಗಡಿ ಮಾತ್ರ ಮಧ್ಯಾಹ್ನದವರೆಗೆ ತೆಗೆದಿರುತ್ತದೆ. ನಿಧಾನವಾಗಿ ಕೂತು ಅರ್ಜಿ ಬರೆಸಬೇಕೆಂದರೆ ಆ ಶನಿವಾರಗಳೇ ಒಳ್ಳೆಯದು.